ಸಿಸ್ಟಮ್ ಕೊನೆಗೆ ಬದಲಾಗಲಿ

ಕಂಪ್ಯೂಟರನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ವಿಂಡೋಸ್ ಒಳ್ಳೆಯದೋ, ಮ್ಯಾಕ್ ಒಳ್ಳೆಯದೋ, ಲಿನಕ್ಸ್ ಒಳ್ಳೆಯದೋ? ಈ ಜಗಳ ಇಲ್ಲಿ ಕೂತಿರುವ ಅನೇಕರ ವಯಸ್ಸಿಗಿಂತ ಹಳೆಯದು. ಐಬಿಎಂ ಪಿಸಿ ಬಂದದ್ದು 1981ರಲ್ಲಿ, ಮ್ಯಾಕಿಂಟಾಷ್ 1984ರ ಜನವರಿಯಲ್ಲಿ, ವಿಂಡೋಸಿನ ಮೊದಲ ಆವೃತ್ತಿ 1985ರಲ್ಲಿ, ಲಿನಕ್ಸ್ 1991ರಲ್ಲಿ. ಇಷ್ಟು ವರ್ಷ ವಾದ ಮಾಡಿಯೂ ಯಾರೂ ಯಾರನ್ನೂ ಒಪ್ಪಿಸಿಲ್ಲ. ಇವತ್ತು ನಾನೂ ಆ ಪಂಚಾಯ್ತಿಗೆ ಕೂರುವುದಿಲ್ಲ. ನಾವು ಲೆಕ್ಕ ಹಾಕಬೇಕಾದ್ದು ಬೇರೆ: ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಏನೇನು ಕಳೆದುಕೊಳ್ಳುತ್ತೀರಿ, ಎಷ್ಟು ವಾರ ತಡಕಾಡುತ್ತೀರಿ, ಅಷ್ಟಕ್ಕೆ ತಕ್ಕ ಲಾಭ ಆ ಕಡೆ ಇದೆಯೇ.

ಈ ಮಾತು ಈಗ ಮತ್ತೆ ಬಿಸಿಯಾಗಿರುವುದಕ್ಕೆ ಕಾರಣ ಇದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಹೋಗೋಣ ಅಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ನಂಬಲರ್ಹ ಸಿಸ್ಟಮನ್ನು ಮಾತ್ರ ಏಳಲು ಬಿಡುವ ಸೆಕ್ಯೂರ್ ಬೂಟ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಪೀಳಿಗೆಯ ಪ್ರೊಸೆಸರ್ ಆದರೂ ಇರಬೇಕು. ಹೀಗಾಗಿ ಚೆನ್ನಾಗಿಯೇ ಓಡುತ್ತಿರುವ ಎಷ್ಟೋ ಕಂಪ್ಯೂಟರ್‌ಗಳು ಬಾಗಿಲ ಹೊರಗೆ ನಿಂತಿವೆ. ಆ ಕಡೆ ಆ್ಯಪಲ್ ಕೂಡ ಇಂಟೆಲ್ ಮ್ಯಾಕ್‌ಗಳಿಗೆ ಮ್ಯಾಕ್‌ಓಎಸ್ 26ನ್ನೇ, ಅಂದರೆ ಟಾಹೋವನ್ನೇ, ಕೊನೆಯ ಆವೃತ್ತಿ ಎಂದು ಹೇಳಿಬಿಟ್ಟಿದೆ. ಅಲ್ಲಿಗೆ ಎರಡೂ ಮನೆಯವರು ಒಂದೇ ಸಲ ಗಂಟುಮೂಟೆ ಕಟ್ಟುವ ಯೋಚನೆಯಲ್ಲಿದ್ದಾರೆ.

ಗಂಟು ಕಟ್ಟುವ ಮುಂಚೆ ಒಂದು ಪರೀಕ್ಷೆ ಮಾಡಿ. ‘ವಿಂಡೋಸ್ ನಿಧಾನ, ಮ್ಯಾಕ್‌ಗೆ ಹೋದ ಮೇಲೆ ಹಾರುತ್ತಿದೆ’ ಅನ್ನುವವರು ಬಹಳ ಸಲ ಹೋಲಿಸುತ್ತಿರುವುದು ಆರು ವರ್ಷದ ಹಳೆ ಯಂತ್ರವನ್ನು ಹೊಸ ಯಂತ್ರದ ಜೊತೆ. ಅಲ್ಲಿ ಗೆದ್ದದ್ದು ವಯಸ್ಸು. ವಿಂಡೋಸಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಪರ್ಫಾರ್ಮೆನ್ಸ್ ಪುಟ ನೋಡಿ. ಏನೂ ದೊಡ್ಡ ಕೆಲಸ ಮಾಡದೆಯೂ ಡಿಸ್ಕ್ ನೂರಕ್ಕೆ ನೂರು ತೋರಿಸುತ್ತಿದ್ದರೆ, ಅದು ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ, ನಿಮ್ಮ ಸಮಸ್ಯೆ ವಿಂಡೋಸ್ ಅಲ್ಲ. ತಿರುಗುವ ಭಾಗವೇ ಇಲ್ಲದ, ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿ, ಹಳೆಯದನ್ನು ಅದಕ್ಕೆ ಕ್ಲೋನ್ ಮಾಡಿ. ಕಂಪ್ಯೂಟರ್ ಹೊಸದಾದಂತೆ ಎದ್ದು ಕೂರುತ್ತದೆ. ಮೆಮೊರಿ ಸದಾ ಶೇಕಡ 90ರ ಮೇಲೆ ಇದ್ದರೆ 4 ಅಥವಾ 8 ಜಿಬಿಯನ್ನು 16ಕ್ಕೆ ಏರಿಸಿ. ಮ್ಯಾಕ್‌ನಲ್ಲಿ ಆ್ಯಕ್ಟಿವಿಟಿ ಮಾನಿಟರ್‌ನ ‘ಮೆಮೊರಿ ಪ್ರೆಶರ್’ ಗೆರೆ ನೋಡಬೇಕು. ಅದು ಹಸಿರಾಗಿದ್ದರೆ ಮೆಮೊರಿ ಎಷ್ಟು ತುಂಬಿದಂತೆ ಕಂಡರೂ ತಲೆ ಕೆಡಿಸಿಕೊಳ್ಳಬೇಡಿ.

ಟಿಪಿಎಂ ಇಲ್ಲ ಎಂದು ಕಂಪ್ಯೂಟರ್ ಹೇಳಿದರೂ ತಕ್ಷಣ ನಂಬಬೇಡಿ. ಎಷ್ಟೋ ಯಂತ್ರಗಳಲ್ಲಿ ಅದು ಪ್ರೊಸೆಸರ್ ಒಳಗೇ ಇರುತ್ತದೆ, ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶವಾದ ಬಯೋಸ್‌ನಲ್ಲಿ ಆಫ್ ಆಗಿರುತ್ತದೆ ಅಷ್ಟೆ. ಇಂಟೆಲ್‌ನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ‘ಟಿಪಿಎಂ’ ಎಂದೇ ಹುಡುಕಿದವರಿಗೆ ಸಿಗದೆ ಹೋಗುವುದು ಈ ಹೆಸರಿನ ಗೊಂದಲದಿಂದ. ಒಂದು ಎಚ್ಚರಿಕೆ: ಬಯೋಸ್‌ನಲ್ಲಿ ಇಂಥದ್ದಕ್ಕೆ ಕೈ ಹಾಕುವ ಮುಂಚೆ, ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ವ್ಯವಸ್ಥೆಯಾದ ಬಿಟ್‌ಲಾಕರ್‌ನ 48 ಅಂಕಿಗಳ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಆ ಬೀಗವನ್ನು ನೀವೇ ಆನ್ ಮಾಡಿರಬೇಕೆಂದೇನಿಲ್ಲ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ತಾನಾಗಿಯೇ ಆನ್ ಆಗಿರುತ್ತದೆ. ಟಿಪಿಎಂ ಅಥವಾ ಸೆಕ್ಯೂರ್ ಬೂಟ್ ಸ್ಥಿತಿ ಬದಲಾದ ಕೂಡಲೇ ಅದು ಆ 48 ಅಂಕಿ ಕೇಳುತ್ತದೆ. ಕೊಡಲಾಗದಿದ್ದರೆ ಡಿಸ್ಕಿನಲ್ಲಿರುವುದು ಎಲ್ಲವೂ ಹೋಯಿತು ಎಂದೇ ಅರ್ಥ.

ಇಷ್ಟಾದ ಮೇಲೂ ಬದಲಿಸಬೇಕು ಅನ್ನಿಸಿದರೆ ಮುಂದೆ ಹೋಗೋಣ. ನಿಮ್ಮನ್ನು ಒಂದು ವೇದಿಕೆಗೆ ಕಟ್ಟಿ ಹಾಕಿರುವ ಹಗ್ಗಗಳು ಮೂರು: ನಿಮ್ಮ ಫೈಲ್‌ಗಳು, ನಿಮ್ಮ ಪ್ರೋಗ್ರಾಂಗಳು, ನಿಮ್ಮ ಬೆರಳುಗಳು. ಆಪರೇಟಿಂಗ್ ಸಿಸ್ಟಮ್ ಈ ಪಟ್ಟಿಯಲ್ಲೇ ಇಲ್ಲ ನೋಡಿ. ದಿನವಿಡೀ ನೀವು ಮುಖ ಕೊಟ್ಟು ಕೂರುವುದು ಬ್ರೌಸರ್‌ಗೆ, ಎಕ್ಸೆಲ್‌ಗೆ, ಫೋಟೊ ತಿದ್ದುವ ಪ್ರೋಗ್ರಾಂಗೆ. ಸಿಸ್ಟಮ್‌ನ ಮುಖ ಕಾಣುವುದು ಫೈಲ್ ಹುಡುಕುವಾಗ, ಸೆಟ್ಟಿಂಗ್ಸ್ ತೆರೆದಾಗ, ಏನೋ ಕೆಟ್ಟಾಗ. ಆದರೂ ಜನ ಮೊದಲು ಬದಲಿಸುವುದು ಸಿಸ್ಟಮನ್ನೇ. ಹೊಸ ಯಂತ್ರ ತಂದು, ಹಳೆಯದನ್ನು ಯಾರಿಗೋ ಕೊಟ್ಟು, ಮೂರನೇ ದಿನ ‘ಅಯ್ಯೋ, ಆ ಪ್ರೋಗ್ರಾಂ ಇಲ್ಲಿ ಇಲ್ಲವಲ್ಲ’ ಎಂದು ಕೂರುತ್ತಾರೆ.

ದೊಡ್ಡ ಮಟ್ಟದಲ್ಲಿ ಇದೇ ಪಾಠ ಎರಡು ಕಡೆ ಸಿಗುತ್ತದೆ. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸ್‌ಗೆ ಹೋಗುವ ತೀರ್ಮಾನ ಮಾಡಿತು. ಸುಮಾರು 15,000 ಕಂಪ್ಯೂಟರ್‌ಗಳು. ಯೋಜನೆ ಮುಗಿಯಲು 2013 ಆಯಿತು. 2017ರಲ್ಲಿ ವಿಂಡೋಸ್‌ಗೇ ಮರಳುವುದೆಂದು ಅದೇ ನಗರದ ಕೌನ್ಸಿಲ್ ನಿರ್ಧರಿಸಿತು. ಮರಳಿದ್ದಕ್ಕೆ ರಾಜಕೀಯ ಕಾರಣವೋ ತಾಂತ್ರಿಕ ಕಾರಣವೋ ಎಂದು ಇವತ್ತಿಗೂ ಕಿತ್ತಾಡುತ್ತಾರೆ. ಆದರೆ ಅವರ ಸಮಯ ತಿಂದದ್ದರಲ್ಲಿ ದೊಡ್ಡ ಪಾಲು ಕಚೇರಿಗಳಲ್ಲಿ ಹರಡಿಕೊಂಡಿದ್ದ ಟೆಂಪ್ಲೇಟುಗಳದ್ದು ಮತ್ತು ಕೆಲಸವನ್ನು ತಾನಾಗಿ ಮಾಡಿಸುವ ಪುಟ್ಟ ಆದೇಶಗಳಾದ ಮ್ಯಾಕ್ರೋಗಳದ್ದು. ಅವನ್ನು ಪಳಗಿಸಲು ವೋಲ್‌ಮುಕ್ಸ್ ಎಂಬ ತಂತ್ರಾಂಶವನ್ನು ತಾವೇ ಬರೆದುಕೊಳ್ಳಬೇಕಾಯಿತು. ಫ್ರಾನ್ಸಿನ ಜಾಂದಾರ್ಮರಿ, ಅಂದರೆ ಅಲ್ಲಿನ ಸೇನಾ ಮಾದರಿಯ ಪೊಲೀಸ್ ಪಡೆ, ಬೇರೆ ದಾರಿ ಹಿಡಿಯಿತು. 2005ರಲ್ಲಿ ವಿಂಡೋಸ್ ಮೇಲೆಯೇ ಓಪನ್‌ಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶ ತಂದರು. 2006ರಲ್ಲಿ ಬ್ರೌಸರ್ ಫೈರ್‌ಫಾಕ್ಸ್ ಆಯಿತು, ಮೇಲ್ ಥಂಡರ್‌ಬರ್ಡ್ ಆಯಿತು. ಲಿನಕ್ಸ್‌ನ ಒಂದು ರೂಪವಾದ ಉಬುಂಟು ಬಂದದ್ದು 2008ರಿಂದ ಈಚೆಗೆ. ಅಷ್ಟು ಹೊತ್ತಿಗೆ ಸಿಬ್ಬಂದಿಯ ಪರದೆಯ ಮೇಲಿದ್ದುದೆಲ್ಲ ಎರಡೂ ಕಡೆ ಓಡುವ ಪ್ರೋಗ್ರಾಂಗಳೇ. ಅವರು ಇಂದಿಗೂ ಅಲ್ಲೇ ಇದ್ದಾರೆ.

ನಿಮ್ಮ ಒಂದೇ ಒಂದು ಲ್ಯಾಪ್‌ಟಾಪ್‌ಗೂ ನಾನು ಹೇಳುವುದು ಇದೇ ಕ್ರಮ. ಮೊದಲು ಹಳೆಯ ಯಂತ್ರದಲ್ಲೇ ಪ್ರೋಗ್ರಾಂ ಬದಲಿಸಿ. ಆಮೇಲೆ ಫೈಲ್‌ಗಳನ್ನು ಎರಡೂ ಕಡೆ ತೆರೆಯುವ ರೂಪಕ್ಕೆ ತನ್ನಿ. ಸಿಸ್ಟಮ್ ಕೊನೆಗೆ.

ಪ್ರೋಗ್ರಾಂನಿಂದಲೇ ಶುರು ಮಾಡೋಣ. ಏನೇನು ಇನ್‌ಸ್ಟಾಲ್ ಆಗಿದೆ ಎಂಬ ಪಟ್ಟಿ ತೆಗೆದರೆ ನೂರು ಹೆಸರು ಬಂದು ಕಂಗಾಲಾಗುತ್ತೀರಿ. ಅದರ ಬದಲು ಎರಡು ವಾರ ಒಂದು ಹಾಳೆ ಪಕ್ಕದಲ್ಲಿಟ್ಟುಕೊಂಡು, ನಿಜವಾಗಿ ತೆರೆದದ್ದನ್ನು ಮಾತ್ರ ಬರೆಯಿರಿ. ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಬೇಕಾಗುವುದನ್ನು ನೆನಪಿಸಿಕೊಂಡು ಸೇರಿಸಿ: ತೆರಿಗೆ ಸಲ್ಲಿಸುವ ಪ್ರೋಗ್ರಾಂ, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಸ್ಕ್ಯಾನರ್ ಜೊತೆ ಬಂದ ತಂತ್ರಾಂಶ. ಎಡವಿಸುವುದು ಯಾವಾಗಲೂ ಈ ವರ್ಷಕ್ಕೊಮ್ಮೆಯ ಗಿರಾಕಿಗಳೇ. ಪಟ್ಟಿಯಲ್ಲಿ ಬಂದ ಪ್ರತಿ ಹೆಸರಿನ ಮುಂದೆ ಒಂದು ಗುರುತು ಹಾಕಿ: ಆ ಕಡೆ ಅದೇ ಹೆಸರಲ್ಲಿ ಇದೆಯೇ, ಬದಲಿ ಇದೆಯೇ, ಏನೂ ಇಲ್ಲವೇ.

ಅದೇ ಹೆಸರಲ್ಲಿ ಇದೆ ಎಂದ ಮಾತ್ರಕ್ಕೆ ಅದೇ ವಸ್ತು ಎಂದು ತಿಳಿಯಬೇಡಿ. ಎಕ್ಸೆಲ್ ಮ್ಯಾಕ್‌ನಲ್ಲೂ ಇದೆ. ಆದರೆ ದೊಡ್ಡ ದತ್ತಾಂಶವನ್ನು ಜೋಡಿಸುವ ಪವರ್ ಪಿವಟ್ ಅಲ್ಲಿಲ್ಲ, ಹಾಳೆಯಲ್ಲಿ ಆ್ಯಕ್ಟಿವ್‌ಎಕ್ಸ್ ಗುಂಡಿಗಳಿದ್ದರೆ ಅವು ಸತ್ತಂತೆ ಕೂತಿರುತ್ತವೆ. ಮೈಕ್ರೋಸಾಫ್ಟಿನ ಡೇಟಾಬೇಸ್ ಪ್ರೋಗ್ರಾಂ ಆಕ್ಸೆಸ್ ಅಂತೂ ವಿಂಡೋಸ್ ಬಿಟ್ಟು ಎಲ್ಲೂ ಇಲ್ಲ. ತಮಾಷೆ ಏನೆಂದರೆ ಎಕ್ಸೆಲ್ ಹುಟ್ಟಿದ್ದೇ ಮ್ಯಾಕ್‌ನಲ್ಲಿ, 1985ರಲ್ಲಿ. ವಿಂಡೋಸ್‌ಗೆ ಬಂದದ್ದು 1987ರಲ್ಲಿ. ಫೋಟೋಶಾಪ್ ಕೂಡ 1990ರಲ್ಲಿ ಮ್ಯಾಕ್‌ಗೆ ಮಾತ್ರ ಇತ್ತು, ವಿಂಡೋಸ್ ಆವೃತ್ತಿಗೆ 1993ರವರೆಗೆ ಕಾಯಬೇಕಾಯಿತು. ‘ಇದು ಮ್ಯಾಕ್‌ನವರ ತಂತ್ರಾಂಶ, ಅದು ವಿಂಡೋಸ್‌ನವರದು’ ಎಂಬ ಜಾತಿ ವಿಂಗಡಣೆ ಆಗಾಗ ತಲೆಕೆಳಗಾಗುತ್ತಲೇ ಬಂದಿದೆ.

ಎಕ್ಸೆಲ್ ಮಾತು ಬಂತಲ್ಲ, ಒಂದು ಹಳೇ ಭೂತದ ಬಗ್ಗೆ ಹೇಳಿಬಿಡುತ್ತೇನೆ. ಮ್ಯಾಕ್‌ನ ಹಳೆಯ ಎಕ್ಸೆಲ್ ದಿನಗಳನ್ನು 1904ರಿಂದ ಎಣಿಸುತ್ತಿತ್ತು, ವಿಂಡೋಸ್‌ನದು 1900ರಿಂದ. ಲೋಟಸ್ 1-2-3 ಎಂಬ ಪ್ರೋಗ್ರಾಂ 1900ನ್ನು ಅಧಿಕ ವರ್ಷ ಎಂದು ತಪ್ಪಾಗಿ ಎಣಿಸಿತ್ತು, ಅದರ ಫೈಲ್‌ಗಳಿಗೆ ಹೊಂದಲೆಂದು ಎಕ್ಸೆಲ್ ಆ ತಪ್ಪನ್ನು ಬೇಕೆಂದೇ ಉಳಿಸಿಕೊಂಡಿತು. ಮ್ಯಾಕ್‌ನ ಗಡಿಯಾರ 1904ರಿಂದ ಶುರುವಾಗುತ್ತಿದ್ದುದರಿಂದ ಅಲ್ಲಿ ಈ ತಂಟೆ ಇರಲಿಲ್ಲ. ಈಗಿನ ಎಕ್ಸೆಲ್ ಎರಡೂ ಕಡೆ 1900ನ್ನೇ ಬಳಸುತ್ತದೆ. ಆದರೆ ಹಳೆಯ ಮ್ಯಾಕ್ ಫೈಲ್‌ನಿಂದ ದಿನಾಂಕಗಳನ್ನು ನಕಲು ಮಾಡಿ ಹೊಸ ಫೈಲ್‌ಗೆ ಅಂಟಿಸಿದರೆ ಎಲ್ಲವೂ 1,462 ದಿನ, ಅಂದರೆ ನಾಲ್ಕು ವರ್ಷ ಒಂದು ದಿನ ಜಾರುತ್ತವೆ. ಯಾರದೋ ಜನ್ಮದಿನ ಸರಿಯಾಗಿ ನಾಲ್ಕು ವರ್ಷ ಒಂದು ದಿನ ಹಿಂದೆ ಮುಂದೆ ಆಗಿದ್ದರೆ ಬೇರೆಲ್ಲೂ ಹುಡುಕಬೇಡಿ, ಇದೇ ಕಾರಣ.

ವರ್ಡ್, ಎಕ್ಸೆಲ್‌ಗಳಿಗೆ ಉಚಿತ ಬದಲಿ ಲಿಬ್ರೆಆಫೀಸ್. ಇಂಥ ಬದಲಿ ಪ್ರೋಗ್ರಾಂಗಳ ವಿಷಯದಲ್ಲಿ ಜನ ಬೈಯುವುದು ‘ಲಿಬ್ರೆಆಫೀಸ್‌ನಲ್ಲಿ ನನ್ನ ಪುಟವೆಲ್ಲ ಹಾಳಾಯಿತು’ ಎಂದು. ಬಹುಪಾಲು ಅದಕ್ಕೆ ಕಾರಣ ಫಾಂಟ್. 2007ರಿಂದ 2023ರವರೆಗೆ ವರ್ಡ್‌ನ ಮೂಲ ಫಾಂಟ್ ಕ್ಯಾಲಿಬ್ರಿ, ಈಗ ಆ್ಯಪ್ಟೋಸ್. ಲಿನಕ್ಸ್‌ನಲ್ಲಿ ಅವೆರಡೂ ಇರುವುದಿಲ್ಲ, ಆದ್ದರಿಂದ ಅದು ಕೈಗೆ ಸಿಕ್ಕ ಯಾವುದೋ ಫಾಂಟ್ ಹಾಕುತ್ತದೆ. ಅಕ್ಷರದ ಅಗಲ ಒಂದಿಷ್ಟು ಬದಲಾದರೆ ಸಾಲು ಮುರಿಯುವ ಜಾಗ ಬದಲಾಗುತ್ತದೆ, ಸಾಲು ಹೋದರೆ ಪುಟ ಹೋಗುತ್ತದೆ, ಪುಟ ಹೋದರೆ ಪರಿವಿಡಿ ಹೋಗುತ್ತದೆ. ಕಾರ್ಲಿಟೊ ಎಂಬ ಉಚಿತ ಫಾಂಟ್ ಹಾಕಿ. ಅದರ ಪ್ರತಿ ಅಕ್ಷರದ ಅಗಲ ಕ್ಯಾಲಿಬ್ರಿಯಷ್ಟೇ. ಕೇಂಬ್ರಿಯಾಗೆ ಕ್ಯಾಲಡಿಯಾ, ಏರಿಯಲ್ ಮತ್ತು ಟೈಮ್ಸ್ ನ್ಯೂ ರೋಮನ್‌ಗೆ ಲಿಬರೇಷನ್ ಫಾಂಟ್‌ಗಳು. ಅರ್ಧ ದೂರು ಅಲ್ಲಿಗೇ ನಿಲ್ಲುತ್ತದೆ. ಉಳಿದರ್ಧದಲ್ಲಿ ಮ್ಯಾಕ್ರೋಗಳಿವೆ, ಅವಕ್ಕೆ ಸುಲಭದ ಮದ್ದಿಲ್ಲ.

‘ಏನೂ ಇಲ್ಲ’ ಎಂಬ ಗುರುತು ಬಿದ್ದ ಪ್ರೋಗ್ರಾಂ ಒಂದಾದರೂ ಇದ್ದು, ಅದರಿಂದಲೇ ನಿಮ್ಮ ಹೊಟ್ಟೆಪಾಡು ನಡೆಯುತ್ತಿದ್ದರೆ ಇಲ್ಲೇ ನಿಲ್ಲಿ. ಬದಲಿಸಬೇಡಿ. ‘ವರ್ಚುವಲ್ ಮಷೀನ್‌ನಲ್ಲಿ ಓಡಿಸಿಕೊಂಡರೆ ಆಯಿತು’ ಅನ್ನುವವರಿದ್ದಾರೆ, ಅಂದರೆ ಒಂದು ಸಿಸ್ಟಮ್ ಒಳಗೆ ಇನ್ನೊಂದನ್ನು ಓಡಿಸುವುದು. ಅದು ಅರ್ಧ ಸತ್ಯ. ಇಂಟೆಲ್ ಮ್ಯಾಕ್‌ಗಳಲ್ಲಿ ಬೂಟ್ ಕ್ಯಾಂಪ್ ಇತ್ತು, ವಿಂಡೋಸನ್ನು ನೇರವಾಗಿ ಹಾಕಬಹುದಿತ್ತು. 2020ರ ನವೆಂಬರ್‌ನಲ್ಲಿ ಆ್ಯಪಲ್ ತಾನೇ ಮಾಡಿದ ಚಿಪ್ ಎಂ1 ಬಂದಾಗಿನಿಂದ ಅದು ಹೋಯಿತು. ಈಗ ಪ್ಯಾರಲಲ್ಸ್‌ನಂಥ ತಂತ್ರಾಂಶದ ಒಳಗೆ ವಿಂಡೋಸ್ 11ರ ಆರ್ಮ್ ಆವೃತ್ತಿ, ಅಂದರೆ ಎಂ1ರಂಥ ಆರ್ಮ್ ಚಿಪ್ಪಿಗೆಂದು ಬರೆದದ್ದು, ಓಡುತ್ತದೆ. ಸಾಮಾನ್ಯ ಇಂಟೆಲ್ ಪ್ರೋಗ್ರಾಂಗಳನ್ನು ಅದು ತಾನೇ ಅನುವಾದಿಸಿಕೊಂಡು ಓಡಿಸುತ್ತದೆ, ಲೆಕ್ಕಪತ್ರದ ಸಾಫ್ಟ್‌ವೇರ್‌ಗೆ ಅಷ್ಟು ಸಾಕು. ಆದರೆ ಹೊರಗಿನ ಉಪಕರಣಗಳನ್ನು ನಡೆಸುವ ಡ್ರೈವರ್‌ಗಳಿಗೆ ಈ ಅನುವಾದ ನಡೆಯುವುದಿಲ್ಲ. ಡ್ರೈವರ್ ಆರ್ಮ್‌ಗೆಂದೇ ಬರೆದದ್ದಾಗಿರಬೇಕು. ಆದ್ದರಿಂದ ಲೈಸೆನ್ಸ್ ಡಾಂಗಲ್, ಹಳೆಯ ಅಳತೆ ಯಂತ್ರ, ವಿಶೇಷ ಪ್ರಿಂಟರ್ ಇಂಥವು ಅಲ್ಲಿ ಕೈ ಕೊಡುತ್ತವೆ. ಸ್ನ್ಯಾಪ್‌ಡ್ರ್ಯಾಗನ್ ಎಂಬ ಆರ್ಮ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪ್ ಕೊಳ್ಳುವವರಿಗೂ ಇದೇ ಮಾತು.

ಲಿನಕ್ಸ್ ಕಡೆ ವಿಂಡೋಸ್ ಪ್ರೋಗ್ರಾಂಗಳನ್ನು ಓಡಿಸುವ ವೈನ್ ಇದೆ, 1993ರಿಂದ ಬೆಳೆಯುತ್ತ ಬಂದದ್ದು. ಅದರ ಮೇಲೆ ಕಟ್ಟಿದ ಪ್ರೋಟಾನ್ 2018ರಲ್ಲಿ ಬಂದ ಮೇಲೆ ಆಟಗಳ ಚಿತ್ರವೇ ಬದಲಾಯಿತು. ಆದರೂ ಕರ್ನೆಲ್ ಮಟ್ಟದಲ್ಲಿ, ಅಂದರೆ ಸಿಸ್ಟಮಿನ ತಿರುಳಿನಲ್ಲೇ ಕೂತು ಮೋಸಗಾರರನ್ನು ಹಿಡಿಯುವ ವ್ಯವಸ್ಥೆ ಇರುವ ಆನ್‌ಲೈನ್ ಆಟಗಳಲ್ಲಿ ಹಲವು ಅಲ್ಲಿ ಓಡುವುದಿಲ್ಲ. ಹೊಸ ಫೋಟೋಶಾಪ್‌ನ ಮೇಲೂ ಆಸೆ ಇಟ್ಟುಕೊಳ್ಳಬೇಡಿ.

ಇನ್ನು ಫೈಲ್‌ಗಳು. ಇಲ್ಲಿ ತುಸು ನಿಧಾನವಾಗಿ ಹೋಗೋಣ, ಏಕೆಂದರೆ ಪ್ರೋಗ್ರಾಂ ಹೋದರೆ ಇನ್ನೊಂದು ಸಿಗುತ್ತದೆ, ಫೈಲ್ ಹೋದರೆ ಹೋಯಿತು.

ಬ್ಯಾಕಪ್ ಡಿಸ್ಕ್ ಯಾವ ಫಾರ್ಮ್ಯಾಟಿನಲ್ಲಿದೆ ಎಂದು ಮೊದಲು ನೋಡಿ. ವಿಂಡೋಸ್‌ನದು ಎನ್‌ಟಿಎಫ್‌ಎಸ್, ಮ್ಯಾಕ್‌ನದು ಎಪಿಎಫ್‌ಎಸ್, ಲಿನಕ್ಸ್‌ನದು ಸಾಮಾನ್ಯವಾಗಿ ಇಎಕ್ಸ್‌ಟಿ4. ಮ್ಯಾಕ್ ಎನ್‌ಟಿಎಫ್‌ಎಸ್ ಡಿಸ್ಕನ್ನು ಓದುತ್ತದೆ, ಬರೆಯುವುದಿಲ್ಲ. ವಿಂಡೋಸ್ ಎಪಿಎಫ್‌ಎಸ್ ಡಿಸ್ಕನ್ನು ಕಂಡರೆ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತದೆ. ಗಾಬರಿಯಲ್ಲಿ ಹೂಂ ಅಂದರೆ ಮುಗಿಯಿತು. ಟೈಮ್ ಮೆಷೀನ್ ಬ್ಯಾಕಪ್ ಒಂದನ್ನೇ ನಂಬಿ ಮ್ಯಾಕ್ ಮಾರಿದವರು, ಆಮೇಲೆ ಅದನ್ನು ತೆರೆಯಲು ಇನ್ನೊಂದು ಮ್ಯಾಕ್ ಹುಡುಕಬೇಕಾಗುತ್ತದೆ. ಮೂವರಿಗೂ ಓದಲು ಬರೆಯಲು ಬರುವುದು ಎಕ್ಸ್‌ಫ್ಯಾಟ್. ಹಳೆಯ ಫ್ಯಾಟ್32 ಬೇಡ, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ, ವಿಡಿಯೊಗಳೆಲ್ಲ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಎಕ್ಸ್‌ಫ್ಯಾಟ್‌ಗೂ ಒಂದು ದೌರ್ಬಲ್ಯವಿದೆ: ಅದರಲ್ಲಿ ಜರ್ನಲ್ ಇಲ್ಲ, ಅಂದರೆ ಅರ್ಧಕ್ಕೆ ನಿಂತ ಬರವಣಿಗೆಯನ್ನು ಸರಿಪಡಿಸಲು ನೆರವಾಗುವ ದಾಖಲೆ ಇಲ್ಲ. ಬರೆಯುತ್ತಿರುವಾಗ ಕೇಬಲ್ ಕಿತ್ತರೆ ಆ ಫೈಲ್ ಮಾತ್ರವಲ್ಲ, ಪಕ್ಕದ ಫೋಲ್ಡರ್ ಕೂಡ ಹಾಳಾಗಬಹುದು. ಇಜೆಕ್ಟ್ ಮಾಡದೆ ಕೀಳಬೇಡಿ. ಸಾಗಾಟಕ್ಕೆ ಎಕ್ಸ್‌ಫ್ಯಾಟ್ ಸರಿ, ವರ್ಷಗಟ್ಟಲೆ ಇಡುವ ಬ್ಯಾಕಪ್‌ಗೆ ಅಲ್ಲ.

ಎರಡನೆಯದು ಹೆಸರುಗಳು. ವಿಂಡೋಸ್ ಫೈಲ್ ಹೆಸರಿನಲ್ಲಿ : ? * | ಮುಂತಾದ ಚಿಹ್ನೆಗಳನ್ನು ಒಪ್ಪುವುದಿಲ್ಲ, ಹೆಸರಿನ ಕೊನೆಯಲ್ಲಿ ಚುಕ್ಕಿಯನ್ನೂ ಖಾಲಿ ಜಾಗವನ್ನೂ ಒಪ್ಪುವುದಿಲ್ಲ. ಲಿನಕ್ಸ್‌ಗೆ ಇವೆಲ್ಲ ಸಲೀಸು, ಓರೆಗೆರೆ ಒಂದನ್ನು ಬಿಟ್ಟು. ‘ಏನು ಮಾಡಬೇಕು?’ ಎಂದು ಪ್ರಶ್ನಾರ್ಥಕ ಚಿಹ್ನೆಯೊಡನೆ ಹೆಸರಿಟ್ಟ ಫೈಲ್ ಲಿನಕ್ಸ್‌ನಿಂದ ಎಕ್ಸ್‌ಫ್ಯಾಟ್ ಡಿಸ್ಕಿಗೆ ಹೋಗುವುದೇ ಇಲ್ಲ. ಲಿನಕ್ಸ್ ದೊಡ್ಡಕ್ಷರ ಚಿಕ್ಕಕ್ಷರ ಬೇರೆ ಎನ್ನುತ್ತದೆ. ದೊಡ್ಡ ಆರ್‌ನಿಂದ ‘ರಿಪೋರ್ಟ್’, ಚಿಕ್ಕ ಆರ್‌ನಿಂದ ‘ರಿಪೋರ್ಟ್’ ಎಂದು ಎರಡು ಫೈಲ್ ಒಂದೇ ಫೋಲ್ಡರ್‌ನಲ್ಲಿ ಇರಬಹುದು. ವಿಂಡೋಸ್‌ಗೆ ಅಥವಾ ಮಾಮೂಲು ಮ್ಯಾಕ್‌ಗೆ ತಂದರೆ ಒಂದರ ಮೇಲೆ ಇನ್ನೊಂದು ಕೂತು, ಮೊದಲನೆಯದು ಸದ್ದಿಲ್ಲದೆ ಮಾಯವಾಗುತ್ತದೆ. ಹಾಗಾಗಿ ನಕಲು ಮುಗಿದ ಮೇಲೆ ಎರಡೂ ಕಡೆ ಫೈಲ್‌ಗಳ ಸಂಖ್ಯೆ ಎಣಿಸಿ ಹೋಲಿಸಿ. ಒಟ್ಟು ಗಾತ್ರ ಹೋಲಿಸಿದರೆ ಸಾಲದು, ಸಂಖ್ಯೆ ಬೇಕು. ಮ್ಯಾಕ್‌ನಿಂದ ಬಂದ ಡಿಸ್ಕಿನಲ್ಲಿ ಚುಕ್ಕಿ ಮತ್ತು ಅಡಿಗೆರೆಯಿಂದ ಶುರುವಾಗುವ ಪುಟ್ಟ ಪುಟ್ಟ ಫೈಲ್‌ಗಳು ರಾಶಿ ಬಿದ್ದಿದ್ದರೆ ಎಣಿಕೆ ಹೆಚ್ಚಾಗಿ ಕಾಣುತ್ತದೆ. ಅವು ಮ್ಯಾಕ್‌ನ ಟಿಪ್ಪಣಿಗಳು, ವಿಂಡೋಸ್‌ನಲ್ಲಿ ಅಳಿಸಿದರೆ ನಷ್ಟವಿಲ್ಲ.

ಮೂರನೆಯದು ತುಂಬ ಜನರನ್ನು ಕೆಡವುವ ಹೊಂಡ. ಒನ್‌ಡ್ರೈವ್, ಐಕ್ಲೌಡ್ ಎರಡೂ ಜಾಗ ಉಳಿಸಲು ಫೈಲ್‌ನ ಹೆಸರನ್ನು ಮಾತ್ರ ಡಿಸ್ಕಿನಲ್ಲಿಟ್ಟು ಒಳಗಿನ ಸರಕನ್ನು ಮೋಡದಲ್ಲಿಟ್ಟಿರುತ್ತವೆ. ಫೋಲ್ಡರ್ ತೆರೆದರೆ ಎಲ್ಲ ಇದ್ದಂತೆ ಕಾಣುತ್ತದೆ. ನಕಲು ಮಾಡಲು ಹೋದರೆ ಅರ್ಧಕ್ಕೆ ನಿಲ್ಲುತ್ತದೆ, ಖಾತೆಯಿಂದ ಲಾಗೌಟ್ ಆದರೆ ಹೆಸರುಗಳೂ ಹೋಗುತ್ತವೆ. ವಿಂಡೋಸಿನಲ್ಲಿ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಆರಿಸಿ. ಮ್ಯಾಕ್‌ನಲ್ಲಿ ಐಕ್ಲೌಡ್ ಸೆಟ್ಟಿಂಗ್ಸ್‌ಗೆ ಹೋಗಿ ‘ಆಪ್ಟಿಮೈಜ್ ಮ್ಯಾಕ್ ಸ್ಟೋರೇಜ್’ ಆಫ್ ಮಾಡಿ. ಆಮೇಲೆ ಒಂದು ರಾತ್ರಿ ಇಳಿಸಿಕೊಳ್ಳಲು ಬಿಡಿ, ಮೋಡದ ಚಿಹ್ನೆ ಒಂದೂ ಉಳಿಯದಿದ್ದಾಗ ನಕಲು ಶುರು ಮಾಡಿ.

ಫೋಟೊಗಳಿಗೆ ಬೇರೆಯೇ ಮದ್ದು ಬೇಕು. ಮ್ಯಾಕ್‌ನ ಫೋಟೋಸ್ ಲೈಬ್ರರಿಯನ್ನು ಹಾಗೇ ವಿಂಡೋಸ್‌ಗೆ ನಕಲು ಮಾಡಿದರೆ ಅದೊಂದು ಫೋಲ್ಡರ್ ಆಗಿ ತೆರೆಯುತ್ತದೆ, ಒಳಗೆ ಅರ್ಥವಿಲ್ಲದ ಉದ್ದುದ್ದ ಸಂಕೇತಗಳೇ ಫೈಲ್ ಹೆಸರುಗಳು. ಆಲ್ಬಮ್ ಇಲ್ಲ, ತಿದ್ದಿದ ರೂಪವೂ ಸುಲಭಕ್ಕೆ ಸಿಗುವುದಿಲ್ಲ. ಮ್ಯಾಕ್‌ನಲ್ಲಿ ಇರುವಾಗಲೇ ಫೈಲ್ ಮೆನುವಿನಿಂದ ‘ಎಕ್ಸ್‌ಪೋರ್ಟ್ ಅನ್‌ಮಾಡಿಫೈಡ್ ಒರಿಜಿನಲ್’ ಮೂಲಕ ಒಮ್ಮೆ ಹೊರತೆಗೆಯಿರಿ. ತಿದ್ದಿದ ಚಿತ್ರಗಳನ್ನು ಮಾತ್ರ ಇನ್ನೊಮ್ಮೆ ಜೆಪೆಗ್ ಆಗಿ ಬೇರೆ ಫೋಲ್ಡರ್‌ಗೆ ತೆಗೆಯಿರಿ. ಎರಡು ಸಲ ಯಾಕೆಂದರೆ ಮೊದಲನೆಯದರಲ್ಲಿ ನಿಮ್ಮ ತಿದ್ದುಪಡಿ ಬರುವುದಿಲ್ಲ, ಎರಡನೆಯದರಲ್ಲಿ ಮೂಲದ ಗುಣಮಟ್ಟ ಬರುವುದಿಲ್ಲ.

ಇಮೇಲ್ ಐಮ್ಯಾಪ್‌ನಲ್ಲಿದ್ದರೆ ಸರ್ವರ್‌ನಲ್ಲೇ ಇರುತ್ತದೆ, ಚಿಂತೆ ಬೇಡ. ಪಾಪ್ ಬಳಸಿದ್ದರೆ ಸಾಮಾನ್ಯವಾಗಿ ಎಲ್ಲ ಹಳೆ ಯಂತ್ರದಲ್ಲೇ ಇರುತ್ತದೆ. ಹಳೆಯ ಯಂತ್ರದಲ್ಲಿ ಥಂಡರ್‌ಬರ್ಡ್‌ಗೆ ಬಂದುಬಿಟ್ಟರೆ ಅದರ ಪ್ರೊಫೈಲ್ ಫೋಲ್ಡರನ್ನು ಮೂರರಲ್ಲಿ ಯಾವ ಸಿಸ್ಟಮ್‌ಗಾದರೂ ನಕಲು ಮಾಡಿ ಮುಂದುವರಿಯಬಹುದು. ಜಾಂದಾರ್ಮರಿ ಕ್ರಮದ ಲಾಭ ಕಾಣುವುದು ಇಂಥಲ್ಲಿಯೇ. ಪಾಸ್‌ವರ್ಡ್‌ಗಳನ್ನು ಬ್ರೌಸರ್‌ನಿಂದ ಸಿಎಸ್‌ವಿ ಫೈಲಾಗಿ ತೆಗೆಯಬಹುದು. ಅದರಲ್ಲಿ ಎಲ್ಲವೂ ಬರಿಗಣ್ಣಿಗೆ ಕಾಣುವಂತೆ ಬಿದ್ದಿರುತ್ತವೆ, ಆದ್ದರಿಂದ ಹೊಸ ಕಡೆ ಸೇರಿಸಿದ ಕೂಡಲೇ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ. ಪಾಸ್‌ವರ್ಡ್ ಬದಲು ಬಳಸುವ ಪಾಸ್‌ಕೀಗಳು ಈ ಸಿಎಸ್‌ವಿಯಲ್ಲಿ ಬರುವುದಿಲ್ಲ. ಯಾವ ಯಾವ ತಾಣಕ್ಕೆ ಪಾಸ್‌ಕೀ ಇಟ್ಟಿದ್ದೀರಿ ಎಂದು ಬರೆದುಕೊಂಡು, ಹೊಸ ಯಂತ್ರದಿಂದ ಹೊಸದಾಗಿ ಮಾಡಿಕೊಳ್ಳಿ. ಹಳೆಯ ಯಂತ್ರ ಇನ್ನೂ ಕೈಯಲ್ಲಿರುವಾಗಲೇ.

ಮೂರನೇ ಹಗ್ಗ ಬೆರಳು. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಮೊದಲ ವಾರದ ಸಿಟ್ಟೆಲ್ಲ ಇಲ್ಲಿಂದಲೇ ಬರುವುದು. ವಿಂಡೋಸ್, ಲಿನಕ್ಸ್‌ಗಳಲ್ಲಿ ಕಂಟ್ರೋಲ್ ಕಿರುಬೆರಳಿನ ಕೆಲಸ. ಮ್ಯಾಕ್‌ನ ಕಮಾಂಡ್ ಸ್ಪೇಸ್‌ಬಾರ್ ಪಕ್ಕದಲ್ಲಿದೆ, ಅದು ಹೆಬ್ಬೆರಳಿನ ಕೆಲಸ. ಹೆಸರು ಬದಲಾದದ್ದನ್ನು ತಲೆ ಒಂದೇ ದಿನದಲ್ಲಿ ಕಲಿಯುತ್ತದೆ, ಬೆರಳು ಬದಲಾದದ್ದನ್ನು ಕೈ ಕಲಿಯಲು ಎರಡು ಮೂರು ವಾರ ತೆಗೆದುಕೊಳ್ಳುತ್ತದೆ. ಮ್ಯಾಕ್‌ನ ಫೈಂಡರ್‌ನಲ್ಲಿ ಎಂಟರ್ ಒತ್ತಿದರೆ ಫೈಲ್ ತೆರೆಯುವುದಿಲ್ಲ, ಹೆಸರು ಬದಲಿಸಲು ಕೇಳುತ್ತದೆ. ಕಟ್ ಇಲ್ಲ; ಕಮಾಂಡ್-ಸಿ ಒತ್ತಿ, ಹೋಗಿ ಇಡುವಲ್ಲಿ ಆಪ್ಷನ್-ಕಮಾಂಡ್-ವಿ ಒತ್ತಿದರೆ ಸ್ಥಳಾಂತರವಾಗುತ್ತದೆ. ಕೆಂಪು ಗುಂಡಿ ಕಿಟಕಿಯನ್ನು ಮುಚ್ಚುತ್ತದೆಯೇ ಹೊರತು ಪ್ರೋಗ್ರಾಂ ಬಹುಪಾಲು ಹಿಂದೆ ಓಡುತ್ತಲೇ ಇರುತ್ತದೆ. ಕಮಾಂಡ್-ಟ್ಯಾಬ್ ಪ್ರೋಗ್ರಾಂಗಳ ನಡುವೆ ಹಾರುತ್ತದೆ, ಒಂದೇ ಪ್ರೋಗ್ರಾಂನ ಎರಡು ಕಿಟಕಿಗಳ ನಡುವೆ ಅಲ್ಲ. ಹೋಮ್ ಒತ್ತಿದರೆ ಎಷ್ಟೋ ಪ್ರೋಗ್ರಾಂಗಳಲ್ಲಿ ಸಾಲಿನ ಮೊದಲಿಗಲ್ಲ, ಇಡೀ ಬರಹದ ಮೊದಲಿಗೆ ಹೋಗುತ್ತದೆ. ಬರೆಯುವ ಕೆಲಸದವರಿಗೆ ಇದು ದೊಡ್ಡ ಕಾಟ, ಅಲ್ಲಿ ಕಮಾಂಡ್ ಜೊತೆ ಎಡ ಬಾಣ ಒತ್ತಬೇಕು.

ಮ್ಯಾಕ್‌ನ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕಂಟ್ರೋಲ್ ಮತ್ತು ಕಮಾಂಡ್ ಅದಲುಬದಲು ಮಾಡಿಕೊಳ್ಳಬಹುದು. ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟಿನದೇ ಪವರ್‌ಟಾಯ್ಸ್ ಎಂಬ ತಂತ್ರಾಂಶ ಹಾಕಿದರೆ ಅದೇ ಕೆಲಸ ಆಗುತ್ತದೆ. ಮಾಡಬೇಕೇ? ಪೂರ್ತಿಯಾಗಿ ಹೊಸ ಕಡೆಗೆ ಹೋಗುವವರು ಮಾಡಬೇಡಿ ಎಂಬುದು ನನ್ನ ಮಾತು; ಮಾಡಿದರೆ ಇನ್ನೊಬ್ಬರ ಯಂತ್ರದ ಮುಂದೆ ಕೂತಾಗಲೆಲ್ಲ ಕೈ ತಡವರಿಸುತ್ತದೆ. ಕಚೇರಿಯಲ್ಲಿ ಒಂದು, ಮನೆಯಲ್ಲಿ ಇನ್ನೊಂದು ಇರುವವರು ಖಂಡಿತ ಮಾಡಿ.

ಯಂತ್ರಾಂಶದ ಬಗ್ಗೆ ದಿಕ್ಕು ನೋಡಿ ಮಾತಾಡಬೇಕು. ಮ್ಯಾಕ್‌ಗೆ ಹೋಗುವವರೇ, ಎಂ ಸರಣಿಯ ಮ್ಯಾಕ್‌ಗಳಲ್ಲಿ ಮೆಮೊರಿ ಆಮೇಲೆ ಏರಿಸಲು ಬರುವುದಿಲ್ಲ, ಕೊಳ್ಳುವ ದಿನವೇ ಐದು ವರ್ಷದ ಲೆಕ್ಕ ಹಾಕಬೇಕು. ಎರಡು ಹೊರ ಮಾನಿಟರ್ ಇಟ್ಟುಕೊಂಡವರು ಗಮನಿಸಿ: ಮೂಲ ಎಂ1, ಎಂ2 ಲ್ಯಾಪ್‌ಟಾಪ್‌ಗಳು ಒಂದೇ ಹೊರ ಮಾನಿಟರನ್ನು ಬೆಂಬಲಿಸುತ್ತವೆ, ಎಂ3 ಲ್ಯಾಪ್‌ಟಾಪ್ ಮುಚ್ಚಳ ಮುಚ್ಚಿದ್ದರೆ ಎರಡು, ಎಂ4 ಮುಚ್ಚಳ ತೆರೆದಿದ್ದರೂ ಎರಡು. 27 ಇಂಚಿನ 1440 ಸಾಲಿನ ಮಾನಿಟರ್‌ನಲ್ಲಿ ಅಕ್ಷರ ಮಸುಕಾಗಿ ಕಂಡರೆ ಕಣ್ಣಿನ ಡಾಕ್ಟರ ಬಳಿ ಓಡಬೇಡಿ. 2018ರ ಮೊಜಾವೆ ಆವೃತ್ತಿಯಿಂದ ಆ್ಯಪಲ್ ಅಕ್ಷರದ ಅಂಚನ್ನು ಚೂಪಾಗಿಸುವ ಸಬ್‌ಪಿಕ್ಸೆಲ್ ನಯಗೊಳಿಸುವಿಕೆಯನ್ನು ಬಿಟ್ಟಿದೆ, ಅದೇ ಮಾನಿಟರ್ ವಿಂಡೋಸ್‌ನಲ್ಲಿ ಚೂಪಾಗಿ ಕಾಣುತ್ತದೆ.

ಲಿನಕ್ಸ್‌ಗೆ ಹೋಗುವವರಿಗೆ ಬೇರೆ ಯಾರಿಗೂ ಇಲ್ಲದ ಒಂದು ಸೌಲಭ್ಯ ಇದೆ: ಹಾಕದೆಯೇ ನೋಡಬಹುದು. 8 ಜಿಬಿ ಅಥವಾ ದೊಡ್ಡ ಪೆನ್‌ಡ್ರೈವ್‌ಗೆ ಐಎಸ್‌ಒ, ಅಂದರೆ ಲಿನಕ್ಸ್ ಇನ್‌ಸ್ಟಾಲ್ ಮಾಡುವ ಫೈಲ್, ಬರೆದು, ಅದರಿಂದಲೇ ಬೂಟ್ ಮಾಡಿ, ಒಂದು ಗಂಟೆ ಕೂತು ಪರೀಕ್ಷಿಸಿ. ಬರೆಯುವ ಮುಂಚೆ ಫೈಲ್ ಸರಿಯಾಗಿ ಇಳಿದಿದೆಯೇ ಎಂದು ತಿಳಿಸುವ ಚೆಕ್‌ಸಮ್ ತಾಳೆ ನೋಡಿ. ಇಳಿಸಿಕೊಂಡ ಐಎಸ್‌ಒ ಕೆಟ್ಟಿದ್ದರೆ ಇನ್‌ಸ್ಟಾಲ್ ಅರ್ಧಕ್ಕೆ ನಿಂತು ನೀವು ಲಿನಕ್ಸನ್ನು ಬೈಯುತ್ತೀರಿ. ವೈಫೈ, ಧ್ವನಿ, ಮೈಕ್, ಕ್ಯಾಮೆರಾ, ಬ್ಲೂಟೂತ್, ಹೊರ ಮಾನಿಟರ್, ಪ್ರಿಂಟರ್ ಎಲ್ಲ ನೋಡಿ. ಮರೆಯದೆ ಮುಚ್ಚಳ ಮುಚ್ಚಿ ಐದು ನಿಮಿಷ ಬಿಟ್ಟು ತೆರೆಯಿರಿ. ನಿದ್ದೆ ಹೋಗಿ ಏಳದಿರುವುದು ಲಿನಕ್ಸ್ ಲ್ಯಾಪ್‌ಟಾಪ್‌ಗಳ ಹಳೆಯ ಕಾಯಿಲೆ, ಅದು ಈ ಐದು ನಿಮಿಷದಲ್ಲೇ ಗೊತ್ತಾಗುತ್ತದೆ. ಬೆರಳಚ್ಚು ಓದುವ ಗುಂಡಿ ಕೆಲಸ ಮಾಡದಿದ್ದರೆ ಆಶ್ಚರ್ಯಪಡಬೇಡಿ. ಹಳೆಯ ಇಂಟೆಲ್ ಮ್ಯಾಕ್‌ಗೆ ಲಿನಕ್ಸ್ ಹಾಕುವ ಯೋಚನೆ ಇದ್ದರೆ ಅದರಲ್ಲಿ ಆ್ಯಪಲ್‌ನ ಭದ್ರತಾ ಚಿಪ್ ಟಿ2 ಇದೆಯೇ ನೋಡಿ. 2018ರಿಂದ 2020ರ ನಡುವಿನ ಬಹುಪಾಲು ಮ್ಯಾಕ್‌ಗಳಲ್ಲಿ ಅದಿದೆ, ಅಂಥವಕ್ಕೆ ವಿಶೇಷವಾಗಿ ತಿದ್ದಿದ ಕರ್ನೆಲ್ ಇಲ್ಲದೆ ಕೀಬೋರ್ಡ್, ಟ್ರ್ಯಾಕ್‌ಪ್ಯಾಡ್ ಕೂಡ ಕೆಲಸ ಮಾಡುವುದಿಲ್ಲ.

ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಳ್ಳುತ್ತೇನೆ ಅನ್ನುವವರು ಸಾಧ್ಯವಾದರೆ ಎರಡನೇ ಎಸ್‌ಎಸ್‌ಡಿ ಹಾಕಿ, ಒಂದೇ ಡಿಸ್ಕನ್ನು ಹೋಳು ಮಾಡುವುದಕ್ಕಿಂತ ಅದು ಕ್ಷೇಮ. ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಅರ್ಧ ನಿದ್ದೆಯಲ್ಲಿರುತ್ತದೆ. ಲಿನಕ್ಸ್ ಆ ಡಿಸ್ಕಿಗೆ ಬರೆಯಲು ಒಪ್ಪುವುದಿಲ್ಲ, ಒತ್ತಾಯ ಮಾಡಿ ಬರೆಸಿದರೆ ಫೈಲ್‌ಗಳು ಕೆಡುತ್ತವೆ. ಇನ್ನೊಂದು ವಿಚಿತ್ರ: ಲಿನಕ್ಸ್‌ನಿಂದ ವಿಂಡೋಸ್‌ಗೆ ಬಂದಾಗಲೆಲ್ಲ ಗಡಿಯಾರ ಗಂಟೆಗಟ್ಟಲೆ ತಪ್ಪಿರುತ್ತದೆ. ಮದರ್‌ಬೋರ್ಡಿನ ಗಡಿಯಾರದಲ್ಲಿ ಸ್ಥಳೀಯ ಸಮಯ ಇದೆ ಎಂದು ವಿಂಡೋಸ್ ತಿಳಿಯುತ್ತದೆ, ಲಿನಕ್ಸ್ ಅಲ್ಲಿ ಜಾಗತಿಕ ಸಮಯ ಬರೆಯುತ್ತದೆ. ಬ್ಯಾಟರಿ ಕೆಟ್ಟಿತೆಂದು ಅದನ್ನು ಬದಲಿಸಬೇಡಿ, ಲಿನಕ್ಸ್‌ಗೆ ‘ಸ್ಥಳೀಯ ಸಮಯವನ್ನೇ ಬಳಸು’ ಎಂದು ಒಂದು ಆದೇಶ ಕೊಟ್ಟರೆ ಸಾಕು.

ಹಾಗಾದರೆ ಯಾರು ಬದಲಿಸಬೇಕು? ಕೆಲಸದ ಬಹುಪಾಲು ಬ್ರೌಸರ್ ಒಳಗೇ ನಡೆಯುವವರಿಗೆ ಯಾವ ಕಡೆಯಾದರೂ ಸರಿ, ಅವರು ತಮ್ಮ ಬೆರಳಿಗೆ ಮತ್ತು ಜೇಬಿಗೆ ಹಿಡಿಸಿದ್ದನ್ನು ಆರಿಸಿಕೊಳ್ಳಲಿ. ಇನ್ನೂ ಗಟ್ಟಿಯಾಗಿರುವ, ವಿಂಡೋಸ್ 11 ಒಪ್ಪದ ಯಂತ್ರ ಇರುವವರು ಲಿನಕ್ಸ್‌ಗೆ ಒಂದು ಅವಕಾಶ ಕೊಡಲೇಬೇಕು. ಬ್ಯಾಟರಿ ದಿನವಿಡೀ ಬರಬೇಕು, ಫ್ಯಾನಿನ ಸದ್ದು ಬೇಡ ಅನ್ನುವವರಿಗೆ ಎಂ ಸರಣಿಯ ಮ್ಯಾಕ್‌ನಲ್ಲಿ ನಿಜವಾದ ಲಾಭ ಇದೆ. ಆಟ, ವಿಶೇಷ ಯಂತ್ರೋಪಕರಣ, ಹಳೆಯ ಲೆಕ್ಕಪತ್ರದ ಸಾಫ್ಟ್‌ವೇರ್ ನಂಬಿದವರು ವಿಂಡೋಸ್‌ನಲ್ಲೇ ಇರಿ. ಗೆಳೆಯರೆಲ್ಲ ಆ ಕಡೆ ಇದ್ದಾರೆ ಎಂಬುದು ಕಾರಣವಲ್ಲ ಅಂತ ನಾನು ಹೇಳುವುದಿಲ್ಲ. ಏನಾದರೂ ಕೆಟ್ಟರೆ ಕೇಳಲು ಪಕ್ಕದಲ್ಲಿ ಯಾರಿದ್ದಾರೆ ಎಂಬುದು ಬಹಳ ದೊಡ್ಡ ಕಾರಣ.

ಕಡೆಯದಾಗಿ ಹಳೆಯ ಯಂತ್ರ. ಮೂರು ತಿಂಗಳು ಅದನ್ನು ಮುಟ್ಟಬೇಡಿ, ಮಾರಬೇಡಿ, ಕೊಡಬೇಡಿ. ವರ್ಷಕ್ಕೊಮ್ಮೆ ಬೇಕಾಗುವ ಪ್ರೋಗ್ರಾಂ ಇದ್ದರೆ ಅದರ ಸರದಿ ಒಮ್ಮೆ ಬಂದು ಹೋಗುವವರೆಗೆ ಇಟ್ಟುಕೊಳ್ಳಿ. ಹೊಸ ಕಡೆ ಬ್ಯಾಕಪ್ ಶುರುವಾಗಿ, ಅದರಿಂದ ಒಂದೆರಡು ಫೈಲ್ ವಾಪಸ್ ತೆಗೆದು ನೋಡಿದ ಮೇಲೆ ಮಾತ್ರ ಹಳೆಯದನ್ನು ಅಳಿಸಿ. ಅಳಿಸುವ ಮುಂಚೆ ಯಂತ್ರಕ್ಕೆ ಅಂಟಿಕೊಂಡ ಲೈಸೆನ್ಸ್‌ಗಳನ್ನು ಆಯಾ ಪ್ರೋಗ್ರಾಂ ಒಳಗಿಂದ ಡಿಆ್ಯಕ್ಟಿವೇಟ್ ಮಾಡಿ. ವಿಂಡೋಸ್‌ನಲ್ಲಿ ‘ರೀಸೆಟ್ ದಿಸ್ ಪಿಸಿ’ಗೆ ಹೋಗಿ ‘ರಿಮೂವ್ ಎವೆರಿಥಿಂಗ್’ ಆರಿಸಿ, ‘ಕ್ಲೀನ್ ಡೇಟಾ’ ಆಯ್ಕೆಯನ್ನು ಆನ್ ಮಾಡಿ. ಅದು ಮೊದಲೇ ಆನ್ ಆಗಿರುವುದಿಲ್ಲ. ಮ್ಯಾಕ್‌ನಲ್ಲಿ ಮೊದಲು ‘ಫೈಂಡ್ ಮೈ’ ಆಫ್ ಮಾಡಿ, ಆ್ಯಪಲ್ ಖಾತೆಯಿಂದ ಹೊರಬನ್ನಿ, ಆಮೇಲೆ ‘ಇರೇಸ್ ಆಲ್ ಕಂಟೆಂಟ್ ಆ್ಯಂಡ್ ಸೆಟ್ಟಿಂಗ್ಸ್’. ಈ ಮೊದಲ ಹೆಜ್ಜೆ ಮರೆತರೆ ಆ್ಯಕ್ಟಿವೇಷನ್ ಲಾಕ್ ಉಳಿದು, ಕೊಂಡವರು ಯಂತ್ರ ತೆರೆದಾಗ ನಿಮ್ಮ ಪಾಸ್‌ವರ್ಡ್ ಕೇಳಬಹುದು.